ಶೇಂಗಾ ಮಿಲ್ಲಿನ ಸಾರಥಿ ತಿಪ್ಪಯ್ಯ

ಹೋದ ತಿಂಗಳು ನಮ್ಮ ಕಂಪನಿಯವರು ಮೇಲ್ವಿಚಾರಕರಿಗೆಲ್ಲ ಒಂದು ದಿನದ ತರಬೇತಿ ಇಟ್ಟಿದ್ದರು. ಚಳ್ಳಕೆರೆಯ ಹೊರಗೆ ಶೇಂಗಾ ಬೀಜ ಹಸನು ಮಾಡಿ ಚೀಲ ತುಂಬುವ ಕಂಪನಿ ನಮ್ಮದು. ನನ್ನ ಕೈಕೆಳಗೆ ಇಪ್ಪತ್ತೆರಡು ಹೆಣ್ಣುಮಕ್ಕಳಿದ್ದಾರೆ. ತರಬೇತಿ ಎಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಲೋಡು ಹೋಗಬೇಕಾದ ದಿನ ತಂಪು ಕೋಣೆಯಲ್ಲಿ ಕೂತು ಬಿಸ್ಕತ್ತು ತಿನ್ನುವುದು ಯಾವ ಸೀಮೆ ಕೆಲಸವೋ ದೇವರೇ ಬಲ್ಲ. ತರಬೇತಿ ಕೊಡಲು ಬಂದವನು ಹೇಮಂತ್ ಎಂಬ ಹುಡುಗ, ಇನ್ನೂ ಮೂವತ್ತು ದಾಟಿರಲಿಲ್ಲ. ಅವನದೊಂದು ಹಾಸ್ಯದ ತಂಡವಂತೆ. ಬರೆದಿಟ್ಟ ಮಾತಿಲ್ಲದೆ, ನಿಂತ ನಿಲುವಿನಲ್ಲೇ ಹುಟ್ಟಿದ ಮಾತಿನಿಂದ ಜನರನ್ನು ನಗಿಸುವುದು ಅವರ ಕಸುಬಂತೆ. ಅದೇ ವಿದ್ಯೆಯಿಂದ ಹತ್ತು ಜನರನ್ನು ಜೊತೆಗಿಟ್ಟುಕೊಂಡು ಕೆಲಸ ಮಾಡಿಸುವುದು ಹೇಗೆಂದು ಹೇಳಿಕೊಡುತ್ತೇನೆ ಎಂದ.

"ಎದುರಿಗಿದ್ದವರು ಏನೇ ಹೇಳಲಿ, ಇಲ್ಲ ಅನ್ನಬೇಡಿ. ಹೌದು ಅಂತ ಒಪ್ಪಿಕೊಳ್ಳಿ, ಅದಕ್ಕೆ ನಿಮ್ಮದೊಂದು ಮಾತು ಸೇರಿಸಿ," ಎಂದು ನಮ್ಮನ್ನು ಇಬ್ಬಿಬ್ಬರಾಗಿ ನಿಲ್ಲಿಸಿದ. ನನಗೆ ಜೊತೆಯಾದವಳು ಬೀಜದ ಗುಣಮಟ್ಟ ನೋಡುವ ಮೊಳಕಾಲ್ಮೂರಿನ ಶ್ರೀವಾಣಿ. ಅವಳು ನಾಚಿಕೊಳ್ಳುತ್ತಾ, "ಸುನಿತಕ್ಕ, ನಮ್ಮ ಶೆಡ್ಡಿನ ಮೇಲೆ ಆನೆ ಕೂತೈತೆ," ಎಂದಳು.

"ಹೌದು ಕಣೆ, ರಜೆ ಚೀಟಿಗೆ ಸಹಿ ಬೇಕಂತೆ. ಮ್ಯಾನೇಜರು ಸಿಕ್ಕಿಲ್ಲ ಅಂತ ಮೂರು ದಿನದಿಂದ ಅಲ್ಲೇ ಕಾಯ್ತಾ ಐತೆ," ಎಂದೆ.

ಕೂತವರೆಲ್ಲ ಗೊಳ್ಳೆಂದರು. ಮ್ಯಾನೇಜರು ಕೂಡ ನಕ್ಕರು, ಸ್ವಲ್ಪ ತಡವಾಗಿ. "ಮೇಡಂ, ಎಲ್ಲಿ ಕಲಿತಿರಿ ಇದನ್ನ?" ಎಂದು ಹೇಮಂತ್ ಕೇಳಿದ. "ಶೇಂಗಾ ಸಿಪ್ಪೆ ರಾಶಿ ಮೇಲೆ ಕೂತು," ಎಂದೆ. ಅದನ್ನೂ ತಮಾಷೆ ಎಂದುಕೊಂಡು ಮತ್ತೆ ನಕ್ಕರು. ನಾನು ಹೇಳಿದ್ದು ನಿಜ. ಆ ಹುಡುಗ ಆ ದಿನ ಕಲಿಸಿದ್ದನ್ನೆಲ್ಲ ಹದಿನೆಂಟು ವರ್ಷದ ಹಿಂದೆಯೇ ನನಗೆ ಕಲಿಸಿದವನು ತಿಪ್ಪಯ್ಯ ಮೇಸ್ತ್ರಿ. ಅವನ ವಿಷಯ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಬರೆದರೆ ನನ್ನದೂ ಹೊರಬೀಳುತ್ತದೆ ಎಂದು ಸುಮ್ಮನಿದ್ದೆ.

ತಿಪ್ಪಯ್ಯ ತಳಕಿನ ಕಡೆಯವನು. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಬೀಜ ಆರಿಸುವ ಹನ್ನೆರಡು ಹೆಂಗಸರಿಗೆ ಮೇಸ್ತ್ರಿ. ಆಗಲೇ ಐವತ್ತು ದಾಟಿತ್ತು. ಕುಳ್ಳ, ಕಪ್ಪು, ಬೋಳುತಲೆಗೆ ಸದಾ ಒಂದು ಟವೆಲ್ಲು. ಬಿಡುವಿನ ತಿಂಗಳಲ್ಲಿ ಬಯಲಾಟದ ಮೇಳದಲ್ಲಿ ಸಾರಥಿಯ ವೇಷ ಕಟ್ಟುತ್ತಿದ್ದ. ಬಯಲಾಟದಲ್ಲಿ ರಾಜ ರಾಣಿ ರಾಕ್ಷಸರಿಗೆಲ್ಲ ಕಟ್ಟಿಟ್ಟ ಮಾತಿರುತ್ತದೆ, ತಿಂಗಳುಗಟ್ಟಲೆ ತಾಲೀಮು ಇರುತ್ತದೆ. ಸಾರಥಿಗೆ ಅದ್ಯಾವುದೂ ಇಲ್ಲ. ಆಟಕ್ಕೆ ಕಟ್ಟಿದ ಅಟ್ಟದ ಮೇಲೆ ಬಂದವರನ್ನೆಲ್ಲ "ತಾವು ದಾರು? ಯಾವ ದೇಶ?" ಎಂದು ಮಾತಾಡಿಸುವವನು ಅವನೇ, ಮಾತು ಮರೆತವರನ್ನು ದಡ ಸೇರಿಸುವವನೂ ಅವನೇ.

ಒಂದು ಸಲ ತೋಟಪ್ಪ ಎಂಬ ಹೊಸ ಕಲಾವಿದ ರಾಜನ ವೇಷದಲ್ಲಿ ಬಂದವನು ಜನರನ್ನು ಕಂಡು ಹೆದರಿ ತನ್ನ ರಾಜ್ಯದ ಹೆಸರನ್ನೇ ಮರೆತನಂತೆ. ತಿಪ್ಪಯ್ಯ ಮೂರು ಸಲ ಕೇಳಿದ ಮೇಲೆ ಬಾಯಿಗೆ ಬಂದದ್ದು, "ಚಳ್ಳಕೆರೆ ಬಸ್ ಸ್ಟ್ಯಾಂಡು!" ಬೇರೆ ಯಾರಾದರೂ ಆಗಿದ್ದರೆ ಅವನ ಮಾನ ಅಲ್ಲೇ ಹರಾಜಾಗುತ್ತಿತ್ತು. ತಿಪ್ಪಯ್ಯ ಕೈಮುಗಿದು, "ಹೌದು ಪ್ರಭು, ಅದಕ್ಕೇ ನಿಮ್ಮ ರಾಜ್ಯದಾಗೆ ಪ್ರಜೆಗಳು ಯಾವಾಗ್ಲೂ ತುಂಬಿ ತುಳುಕ್ತಾರೆ, ಒಬ್ರಿಗೂ ಕೂರೋಕೆ ಜಾಗ ಇಲ್ಲ," ಎಂದನಂತೆ. ಜನ ನಕ್ಕು ನಕ್ಕು ಸುಸ್ತಾದರು. ಅಷ್ಟರಲ್ಲಿ ತೋಟಪ್ಪನಿಗೆ ಉಸಿರು ಬಂತು, ಮಾತೂ ನೆನಪಾಯಿತು. ಆಮೇಲೆ ಅವನು ಆ ಸೀಮೆಗೇ ಹೆಸರಾದ ರಾಜನ ಪಾತ್ರಧಾರಿಯಾದ.

"ಆಡಿದ್ದನ್ನ ಆಡಿಲ್ಲ ಅನ್ನಬಾರದು. ಅದನ್ನ ಹೆಗಲ ಮೇಲೆ ಹಾಕ್ಕೊಂಡು ಮುಂದಕ್ಕೆ ಹೋಗ್ಬೇಕು. ನಾವು ನಗಿಸಿದ್ರೆ ಸಾಲ್ದು, ಎದುರಿಗಿದ್ದೋನು ಗೆಲ್ಲಬೇಕು," ಎಂದು ಹೇಳಿ ತಿಪ್ಪಯ್ಯ ಈ ಕತೆ ಮುಗಿಸುತ್ತಿದ್ದ.

ಮಿಲ್ಲಿನಲ್ಲೂ ಅವನದು ಅದೇ ಆಟ. ಹೊಸದಾಗಿ ಯಾರು ಕೆಲಸಕ್ಕೆ ಬಂದರೂ ಮೊದಲ ದಿನ ಬೀಜದ ಅಂಗಳದ ಬಾಗಿಲಲ್ಲಿ ತಡೆದು ನಿಲ್ಲಿಸಿ, "ತಾವು ದಾರು? ಯಾವ ದೇಶ?" ಎಂದು ಕೇಳುತ್ತಿದ್ದ. ಬಂದವಳು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಬೇಕು. "ಪರಶುರಾಂಪುರ ದೇಶದ ರಂಗಕ್ಕ ಮಹಾರಾಣಿ," ಎಂದು ಎದೆಯುಬ್ಬಿಸಿ ಹೇಳಿದ ರಂಗಕ್ಕ ಅದಕ್ಕೂ ಹಿಂದೆ ಗಂಡಸರ ಮುಂದೆ ತಲೆ ಎತ್ತಿದವಳಲ್ಲವಂತೆ. ಒಂದು ಸಲ ಅಷ್ಟು ಜನರ ಮುಂದೆ ಕೂಗಿದವಳಿಗೆ ಆಮೇಲೆ ಮೊರ ಹರಿದಿದೆ, ನೀರಿಲ್ಲ, ಕಣ್ಣು ಉರಿಯುತ್ತಿದೆ ಎಂದು ಹೇಳಲು ಹೆದರಿಕೆ ಉಳಿಯುತ್ತಿರಲಿಲ್ಲ. ಅವನು ಬೇಕೆಂದೇ ಹಾಗೆ ಮಾಡುತ್ತಿದ್ದ ಎಂದು ಈಗ ಅರ್ಥವಾಗುತ್ತದೆ.

ನಾನು ಸೇರಿದಾಗ ನನಗೆ ಇಪ್ಪತ್ಮೂರು. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದ. ಎರಡು ವರ್ಷದ ಮಗಳು ಪುಷ್ಪಾಳನ್ನು ಕಟ್ಟಿಕೊಂಡು ಚಳ್ಳಕೆರೆಯ ಗಾಂಧಿನಗರದ ಹತ್ತಿರ ಒಂದು ಕೋಣೆಯಲ್ಲಿದ್ದೆ. ಮಿಲ್ಲಿನ ಕೆಲಸ ಹೋದರೆ ತವರಿಗೆ ವಾಪಸು ಹೋಗಬೇಕು, ಅಣ್ಣಂದಿರ ಮುಂದೆ ತಲೆ ತಗ್ಗಿಸಿ ಕೂರಬೇಕು. ಅದಕ್ಕಿಂತ ಸಾಯುವುದು ಮೇಲು ಎನ್ನುವ ಹಟ ನನ್ನದು. ಮೊದಲ ದಿನ ತಿಪ್ಪಯ್ಯ ನನ್ನನ್ನು ತಡೆದಾಗ ಮೈಯೆಲ್ಲ ಉರಿಯಿತು.

"ಕೆಲಸಕ್ಕೆ ಬಂದೀನಿ, ನಾಟಕಕ್ಕಲ್ಲ. ದಾರಿ ಬಿಡ್ರಿ," ಎಂದೆ.

ಅವನು ಒಂದು ಹೆಜ್ಜೆ ಹಿಂದೆ ಸರಿದು ನಡು ಬಗ್ಗಿಸಿ, "ಅಹಾ! ಕೋಪದ ದೇಶದ ಮಹಾರಾಣಿಯೋರು ಬಿಸಿಲಾಗೆ ನಡ್ಕೊಂಡು ಬಂದವ್ರೆ. ಲೇ ರಂಗಕ್ಕ, ನೆರಳಿನ ಜಾಗ ಬಿಡು, ಮೊದ್ಲು ಒಂದು ಚೊಂಬು ನೀರು ಕೊಡು!" ಎಂದ. ಹೆಂಗಸರೆಲ್ಲ ನಕ್ಕರು. ನನಗೂ ನಗು ಬಂತು, ಬಿಗಿಹಿಡಿದೆ. ನೀರು ಕುಡಿಯುವಾಗ ಕಣ್ಣು ತುಂಬಿಕೊಂಡಿತು. ಗಂಡ ಬಿಟ್ಟ ಮೇಲೆ ನನ್ನನ್ನು ಕೂತುಕೋ ಎಂದವರು ಅವರೇ ಮೊದಲು.

ಆ ಅಂಗಳದ ಎರಡು ವರ್ಷ ಈಗಲೂ ನೆನಪಾಗುತ್ತದೆ. ಹನ್ನೆರಡು ಮೊರಗಳ ಸದ್ದು, ಸಿಪ್ಪೆಯ ಧೂಳು, ಎಣ್ಣೆ ಗಾಣದ ಕಡೆಯಿಂದ ಬರುವ ಬಿಸಿ ಹಿಂಡಿಯ ವಾಸನೆ. ಯಾರಾದರೂ ಒಂದು ಮಾತು ಎಸೆದರೆ ಅದು ಹನ್ನೆರಡು ಬಾಯಿ ದಾಟಿ ಕತೆಯಾಗಿ ತಿಪ್ಪಯ್ಯನ ಹತ್ತಿರ ಬರುತ್ತಿತ್ತು. ಯಾರ ಮಾತನ್ನೂ ಯಾರೂ ಕತ್ತರಿಸುವಂತಿರಲಿಲ್ಲ. ಕಿವಿ ಮಾತಿಗೆ, ಕಣ್ಣು ಕಾಳಿಗೆ. ಅಷ್ಟು ಬೀಜ ಯಾವ ಅಂಗಳದಲ್ಲೂ ಹಸನಾಗುತ್ತಿರಲಿಲ್ಲ. ಈಗ ನಮ್ಮ ಕಂಪನಿಯಲ್ಲಿ ಬಣ್ಣ ನೋಡಿ ಕಾಳು ಆರಿಸುವ ಯಂತ್ರವಿದೆ, ತಪ್ಪೇ ಮಾಡುವುದಿಲ್ಲ. ಆದರೂ ಅದರ ಪಕ್ಕ ನಿಂತಾಗ ನನಗೆ ಬೇಸರವಾಗುತ್ತದೆ.

ಎರಡನೇ ವರ್ಷದ ಮೇ ತಿಂಗಳು. ಮೊಳಕಾಲ್ಮೂರಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರಿನವರು ಸೇರಿ ಬಿತ್ತನೆಗೆ ಮೂವತ್ತೆರಡು ಚೀಲ ಬೀಜ ಹೇಳಿದ್ದರು. ಹದಿನೈದು ದಿನ ಕೂತು ಆರಿಸಿದೆವು. ಚೀಲದ ಬಾಯಿ ಹೊಲಿಯುವ ಕೆಲಸ ನನಗೆ ಬಂತು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಿತ್ತನೆ ಬೀಜ ಕಟ್ಟುವಾಗ ಅವ್ವ ಕೊನೆಗೆ ಪಕ್ಕದ ಮನೆಯವರ ರಾಶಿಯಿಂದ ಒಂದು ಬೊಗಸೆ ಕೇಳಿ ತಂದು ಮೇಲೆ ಹಾಕುತ್ತಿದ್ದಳು. "ಹುಲುಸಾಗಲಿ," ಎಂದು ಹೇಳಿ ಬಾಯಿ ಕಟ್ಟುತ್ತಿದ್ದಳು. ಇನ್ನೊಬ್ಬರ ರಾಶಿಯ ಬೊಗಸೆ ಬಿದ್ದರೆ ಬೆಳೆ ದುಪ್ಪಟ್ಟು ಎಂಬ ನಂಬಿಕೆ. ಯಾರದೋ ಊರಿನ ಹೊಲ, ಚೆನ್ನಾಗಿ ಬೆಳೆಯಲಿ ಎನ್ನಿಸಿತು. ಗೋಡೆಯ ಕಡೆ ಸಂಜೆಗತ್ತಲಲ್ಲಿ ಬೇರೊಂದು ರಾಶಿ ಇತ್ತು, ಯಾವ ಮಾಲೆಂದು ನೋಡಲಿಲ್ಲ. ಅದರಿಂದ ಒಂದೊಂದು ಚೀಲಕ್ಕೂ ಒಂದೊಂದು ಬೊಗಸೆ ಹಾಕಿ, ಹುಲುಸಾಗಲಿ ಎಂದು ಮೂವತ್ತೆರಡು ಸಲ ಹೇಳಿ ಹೊಲಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಚೀಲ ಒಯ್ಯಲು ಸೂರಪ್ಪ ಎಂಬಾತ ಬಂದ. ಆತ ಆ ಊರಿನ ರೇಷ್ಮೆ ಸೀರೆ ನೇಯುವವ, ನಾಲ್ಕು ಎಕರೆ ಹೊಲವೂ ಇತ್ತು. ಊರಿನವರೆಲ್ಲ ನಂಬಿ ಅವನನ್ನು ಕಳಿಸಿದ್ದರು. ಮಿಲ್ಲಿನ ಸಾಹುಕಾರರ ಮುಂದೆಯೇ ಒಂದು ಚೀಲದ ಬಾಯಿ ಬಿಚ್ಚಿಸಿದ. ಮೇಲೆಯೇ ಒಂದು ಬೊಗಸೆ ಸೊರಗಿದ, ಬಣ್ಣ ಕೆಟ್ಟ ಕಾಳು.

"ಇದೇನ್ರೀ ಇದು?" ಎಂದ ಸೂರಪ್ಪ. ಸಾಹುಕಾರರು ತಿಪ್ಪಯ್ಯನನ್ನು ನೋಡಿದರು. ತಿಪ್ಪಯ್ಯ ನಮ್ಮನ್ನು ನೋಡಿದ. ನನ್ನ ಮುಖ ಕಂಡೇ ಅವನಿಗೆ ಯಾರೆಂದು ತಿಳಿಯಿತು. ಆ ಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ತವರಿನ ಬಾಗಿಲು.

ತಿಪ್ಪಯ್ಯ ತಲೆಯ ಟವೆಲ್ಲನ್ನು ಬಿಚ್ಚಿ ಪೇಟದಂತೆ ಸುತ್ತಿದ. "ಪ್ರಭು! ದರ್ಬಾರಿಗೆ ಮೊದ್ಲು ಬರೋನು ದಾರು? ರಾಜನಾ? ಅಲ್ಲ ಪ್ರಭು, ಸಾರಥಿ! ನನ್ನಂಗೆ ಸೊರಗಿದೋನು, ಕರಿಯ, ಕೆಲಸಕ್ಕೆ ಬಾರದೋನು. ಇವ್ನು ಸಾರಥಿ ಕಾಳು. ರಾಜರು ಒಳಗವ್ರೆ!" ಎಂದವನೇ ಮೊಣಕೈವರೆಗೆ ಚೀಲದೊಳಗೆ ಕೈ ಹಾಕಿ ಗುಂಡುಗುಂಡನೆಯ ಕೆಂಪು ಬೀಜ ತೆಗೆದು ಸೂರಪ್ಪನ ಅಂಗೈಗೆ ಸುರಿದ. ಸೂರಪ್ಪ ನಕ್ಕ. ಸಾಹುಕಾರರೂ ನಕ್ಕರು. ಹಮಾಲಿಗಳು ನಗುತ್ತಲೇ ಚೀಲ ಹೊತ್ತು ಟ್ರ್ಯಾಕ್ಟರಿಗೆ ತುಂಬಿದರು.

ಟ್ರ್ಯಾಕ್ಟರು ಮರೆಯಾದ ಮೇಲೆ ಹೆಂಗಸರೆಲ್ಲ ನನ್ನನ್ನು ಸುತ್ತಿಕೊಂಡರು. ನಾನು ತಿಪ್ಪಯ್ಯನ ಕಾಲಿಗೆ ಬೀಳಲು ಹೋದೆ. ಅವನು ಹಿಂದೆ ಸರಿದು, "ಯಾವ ರಾಶಿದವ್ವ ಆ ಬೊಗಸೆ?" ಎಂದ.

"ಆ ಗೋಡೆ ಕಡೆದು."

ಅವನು ಹೋಗಿ ಆ ರಾಶಿಯಲ್ಲಿ ಕೈಯಿಟ್ಟು ನೋಡಿದ. ಎಣ್ಣೆಗೆಂದು ಇಟ್ಟಿದ್ದ ಮಾಲು ಅದು. ಸಿಪ್ಪೆ ಸುಲಭವಾಗಿ ಬಿಡಲೆಂದು ನೀರು ಚಿಮುಕಿಸಿ ಸುಲಿಸಿದ್ದು, ಇನ್ನೂ ಆರಿರಲಿಲ್ಲ. ಹಸಿ ಕಾಳು ಬಿಗಿದ ಚೀಲದಲ್ಲಿ, ಆ ಧಗೆಯಲ್ಲಿ ನಾಲ್ಕು ದಿನ ಇದ್ದರೆ ಬೂಷ್ಟು ಹಿಡಿಯುತ್ತದೆ, ಪಕ್ಕದ ಕಾಳಿಗೂ ದಾಟುತ್ತದೆ. ಮಳೆ ಬಂದು ಬಿತ್ತಿದಾಗ ಮೊಳಕೆ ಏಳುವುದಿಲ್ಲ. ಅಷ್ಟು ಮನೆಗಳ ಒಂದು ವರ್ಷ ಹೋದಂತೆ. ತಿಪ್ಪಯ್ಯ ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡು ಅಲ್ಲೇ ಕುಕ್ಕರಿಸಿದ.

"ನಾನು ತಪ್ಪನ್ನ ಹೆಗಲಿಗೆ ಹಾಕ್ಕೊಳ್ಳಿಲ್ಲ ಕಣವ್ವ, ಮುಚ್ಚಿಬಿಟ್ಟೆ. ಎರಡೂ ಒಂದೇ ಅಂದ್ಕೊಂಡೆ," ಎಂದ. ಅವನ ದನಿಯಲ್ಲಿ ಮೊದಲ ಸಲ ನಗುವಿರಲಿಲ್ಲ.

ಸಾಹುಕಾರರಿಗೆ ಹೇಳಿದಾಗ ಅವರು, "ಮಾರಿದ ಮಾಲು ಮಾರಿದ್ದು. ಒಂದು ಬೊಗಸೆಗೆ ಯಾರೂ ಸಾಯಲ್ಲ, ತೆಪ್ಪಗಿರು. ಹೋಗ್ತೀನಿ ಅಂದ್ರೆ ಹೋಗು, ವಾಪಸ್ ಬರಬ್ಯಾಡ," ಎಂದರಂತೆ. ಮಾರನೆಯ ಬೆಳಿಗ್ಗೆ ತಿಪ್ಪಯ್ಯ ಬಸ್ ಸ್ಟ್ಯಾಂಡಿನಲ್ಲಿ ಮೊಳಕಾಲ್ಮೂರಿನ ಬಸ್ಸಿಗೆ ನಿಂತಿದ್ದ. ನಾನು ಮಗಳನ್ನು ಓಣಿಯ ಉಚ್ಚಂಗೆಮ್ಮನ ಹತ್ತಿರ ಬಿಟ್ಟು ಅಲ್ಲಿಗೆ ಓಡಿದೆ. ಹೋಗಿ ನೋಡಿದರೆ ನನಗಿಂತ ಮೊದಲೇ ರಂಗಕ್ಕ ಮತ್ತು ಉಳಿದ ಹತ್ತೂ ಜನ ಮೊರ ಹಿಡಿದು ನಿಂತಿದ್ದರು. "ನೀವ್ಯಾಕ್ರವ್ವ ಬಂದ್ರಿ? ಕೆಲಸ ಹೋಗ್ತೈತೆ," ಎಂದು ತಿಪ್ಪಯ್ಯ ಬೈದ. "ಸಾರಥಿ ಅಟ್ಟ ಹತ್ತಿದ ಮ್ಯಾಲೆ ಮೇಳ ಮನ್ಯಾಗೆ ಮಲಗ್ತೈತಾ?" ಎಂದಳು ರಂಗಕ್ಕ. ಹನ್ನೆರಡು ಹೆಂಗಸರು ಹನ್ನೆರಡು ಮೊರ ತೊಡೆಯ ಮೇಲಿಟ್ಟುಕೊಂಡು ಕೂತದ್ದನ್ನು ಕಂಡು ಕಂಡಕ್ಟರು, ಯಾವ ಊರಿನ ಗಾಳಿಗೆ ಧೂಳು ಹಾರಿಸಲು ಹೊರಟಿರಿ ಎಂದು ಕೇಳಿದ. ಬೇರೆ ದಿನವಾಗಿದ್ದರೆ ತಿಪ್ಪಯ್ಯ ಅವನನ್ನು ಬಿಡುತ್ತಿರಲಿಲ್ಲ. ಅವತ್ತು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ಚೀಲಗಳನ್ನು ಸೂರಪ್ಪನ ಮಗ್ಗದ ಮನೆಯಲ್ಲಿ ಒಟ್ಟಿದ್ದರು. ನಾವು ಹೋಗುವ ಹೊತ್ತಿಗೆ ಊರಿಗೆಲ್ಲ ಸುದ್ದಿ: ಸಾರಥಿ ತಿಪ್ಪಯ್ಯ ಬಂದಿದ್ದಾನೆ. ಆ ಊರಿನಲ್ಲಿ ಅವನು ಮೂರು ವರ್ಷ ಆಟ ಆಡಿದ್ದ. ಹೆಂಗಸರು ಮಕ್ಕಳು ಮುದುಕರು ಎಲ್ಲರೂ ಆಗಲೇ ನಗುಮುಖ ಮಾಡಿಕೊಂಡು ಬಂದು ನಿಂತರು.

ತಿಪ್ಪಯ್ಯ ಮನೆ ಮುಂದಿನ ಕಟ್ಟೆ ಹತ್ತಿ ಕೈಮುಗಿದ. "ನಿಮ್ಮ ಬೀಜದಾಗೆ ಹಸಿ ಕಾಳು ಬಿದ್ದೈತೆ. ಕೆಟ್ಟ ಕಾಳು ಅಂತ ಕಂಡ್ರೂ ನಗಿಸಿ ಸಾಗಿಸಿಬಿಟ್ಟೆ," ಎಂದ.

ಜನ ಗೊಳ್ಳೆಂದು ನಕ್ಕರು.

"ತಮಾಷೆ ಅಲ್ರಪ್ಪೋ. ಬೂಷ್ಟು ಹಿಡೀತೈತೆ. ನಾನು ಸುಳ್ಳು ಹೇಳಿದೆ."

ಇನ್ನೂ ಜೋರಾಗಿ ನಕ್ಕರು. ಒಬ್ಬ ಮುದುಕ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟ. ಮೂರನೆಯ ಸಲ ಹೇಳುವಾಗ ತಿಪ್ಪಯ್ಯನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಅಂಥದ್ದನ್ನು ಮತ್ತೆಂದೂ ನೋಡಿಲ್ಲ, ನೋಡುವುದೂ ಬೇಡ. ಅಷ್ಟು ಜನರನ್ನು ದಡ ಸೇರಿಸಿದವನು ಮಾತಿಲ್ಲದೆ ನಿಂತಿದ್ದ, ಕೈಕೊಡುವವರು ಯಾರೂ ಇರಲಿಲ್ಲ.

ನಾನು ಕಟ್ಟೆ ಹತ್ತಿದೆ. "ಹೌದು, ಮೇಸ್ತ್ರಿ ಹೇಳ್ತಿರೋದು ಖರೆ. ಮತ್ತೆ, ಆ ಬೊಗಸೆ ಹಾಕ್ದೋಳು ನಾನು," ಎಂದೆ. ಅವ್ವನ ಪದ್ಧತಿ, ಗೋಡೆಯ ರಾಶಿ, ಮೂವತ್ತೆರಡು ಚೀಲ, ಎಲ್ಲ ಹೇಳಿದೆ. "ಹೌದು, ಮತ್ತೆ ಪಕ್ಕದಾಗೇ ಕೂತಿದ್ದೋಳು ನಾನು, ನಾನೂ ನೋಡ್ಲಿಲ್ಲ," ಎನ್ನುತ್ತಾ ರಂಗಕ್ಕ ಹತ್ತಿದಳು. ಒಬ್ಬೊಬ್ಬರಾಗಿ ಹನ್ನೆರಡೂ ಜನ ಹತ್ತಿ ನಿಂತೆವು. ನಗು ನಿಂತಿತು. "ನಿಜಮಾ?" ಎಂದು ತೆಲುಗಿನಲ್ಲಿ ಕೇಳಿದ ಸೂರಪ್ಪ ಉತ್ತರಕ್ಕೂ ಕಾಯದೆ ಒಳಗೆ ಓಡಿದ. ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಕೆಲವು ಕಾಳಿಗೆ ಆಗಲೇ ಬೂದುಬಣ್ಣ ಹತ್ತಿತ್ತು.

ಬಯ್ದರು. ಚೆನ್ನಾಗಿಯೇ ಬಯ್ದರು, ಎರಡು ಭಾಷೆಯಲ್ಲೂ. ಆಮೇಲೆ ತಾಡಪಾಲು ಹಾಸಿಕೊಟ್ಟರು. ಮೂವತ್ತೆರಡು ಚೀಲ ಬಿಸಿಲಿಗೆ ಸುರಿದು ಎರಡು ದಿನ ಕೂತು ಆರಿಸಿದೆವು. ಸೂರಪ್ಪನ ಹೆಂಡತಿ ಗೋವಿಂದಮ್ಮ ಮುದ್ದೆ ಸಾರು ಮಾಡಿ ಬಡಿಸಿದಳು. ತಿಪ್ಪಯ್ಯನಿಗೆ ಬಡಿಸುವಾಗ, "ನೀನು ಅತ್ರೂ ಆಟ ಅಂದ್ಕೊಂಡ್ವಲ್ಲಯ್ಯ," ಎಂದಳು. ಅವನು ತಟ್ಟೆ ನೋಡುತ್ತಾ ಹೂಂಗುಟ್ಟಿದ. ಮುಂದೆ ಮಳೆ ಬಂದು ಆ ಊರಿನ ಹೊಲಗಳಲ್ಲಿ ಬೀಜ ಚೆನ್ನಾಗಿಯೇ ಮೊಳೆಯಿತೆಂದು ಕೇಳಿದೆವು.

ಸಾಹುಕಾರರು ನಮ್ಮನ್ನು ವಾಪಸು ತೆಗೆದುಕೊಂಡರು. ದೊಡ್ಡ ಮನಸ್ಸಿನಿಂದಲ್ಲ, ಕೆಲಸದ ಕಾಲದಲ್ಲಿ ಹನ್ನೆರಡು ಜನ ಬೇರೆ ಸಿಗಲಿಲ್ಲ. ತಿಪ್ಪಯ್ಯನ ಮೇಸ್ತ್ರಿಕೆ ಮಾತ್ರ ಕಿತ್ತುಕೊಂಡು ಒಂದು ವರ್ಷ ಚೀಲ ಹೊರಲು ಹಾಕಿದರು. ಆ ಚಳಿಗಾಲದಲ್ಲಿ ಮೇಳದವರು ವೇಷಕ್ಕೆ ಕರೆಯಲು ಬಂದಾಗ ಅವನು ಹೋಗಲಿಲ್ಲ. ಆಮೇಲೆ ಯಾವತ್ತೂ ಹೋಗಲಿಲ್ಲ. ಅವನು ಮತ್ತೆ ಮೇಸ್ತ್ರಿಯಾದ ಮೇಲೆ ನಾನು ಒಂದು ಸಲ ಕೇಳಿದ್ದಕ್ಕೆ, "ಹನ್ನೆರಡು ಜನ ನನ್ನ ಮಾತು ನಂಬಿ ಬದುಕ್ತಾರೆ ಕಣವ್ವ. ನಾನು ನಿಜ ಹೇಳಿದಾಗ ಜನ ನಗೋದು ಬ್ಯಾಡ," ಎಂದ. ನನ್ನ ಕೆಲಸ ಉಳಿಯಿತು, ಆ ಸೀಮೆ ಒಬ್ಬ ಸಾರಥಿಯನ್ನು ಕಳೆದುಕೊಂಡಿತು. ಅದು ನನ್ನ ಬೊಗಸೆಯಿಂದ ಆದದ್ದು. ಇಷ್ಟು ವರ್ಷ ಬರೆಯದೆ ಉಳಿದದ್ದು ಇದೇ.

ತರಬೇತಿಯ ಮರುವಾರ ತಳಕಿಗೆ ಹೋಗಿ ಅವನನ್ನು ನೋಡಿ ಬಂದೆ. ಮಗನ ಹಿಟ್ಟಿನ ಗಿರಣಿಯಲ್ಲಿ ಕೂತಿರುತ್ತಾನೆ. ಎಪ್ಪತ್ತರ ಮೇಲಾಗಿದೆ, ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು. ಹೇಮಂತನ ಪಾಠ ಕೇಳಿ ಖುಷಿಯಾದ. "ಒಳ್ಳೆ ಹುಡುಗ. ಊಟ ಸರಿಯಾಗಿ ಹಾಕಿದ್ರಾ ಅವ್ನಿಗೆ?" ಎಂದ. ಆಮೇಲೆ ನನ್ನ ಕೆಲಸ ಹೇಗಿದೆ ಎಂದು ಕೇಳಿದ. ನಾನು ಜಂಬದಿಂದ, "ಎರಡು ವರ್ಷದಿಂದ ನನ್ನ ವಿಭಾಗದಾಗೆ ಒಂದು ತಪ್ಪೂ ಆಗಿಲ್ಲ. ನನ್ನ ಕಂಡ್ರೆ ಗಡಗಡ ನಡುಗ್ತಾರೆ," ಎಂದೆ.

"ಒಂದೂ ಆಗಿಲ್ವಾ?"

"ಒಂದೂ ಇಲ್ಲ."

"ಇಪ್ಪತ್ತೆರಡು ಜನ, ಎರಡು ವರ್ಷ," ಎಂದ ತಿಪ್ಪಯ್ಯ. ಗಿರಣಿ ನಿಲ್ಲಿಸಿ ನನ್ನ ಕಡೆ ತಿರುಗಿದ. "ಹಂಗಾದ್ರೆ ಅವ್ರು ನಿನ್ಗೆ ಹೇಳ್ತಿಲ್ಲ ಕಣವ್ವ."

ನನಗೆ ಸಿಟ್ಟು ಬಂತು. ಬರುತ್ತೇನೆ ಎಂದು ಎದ್ದುಬಂದೆ. ಬಸ್ಸು ಚಳ್ಳಕೆರೆ ಮುಟ್ಟುವ ಹೊತ್ತಿಗೆ ಸಿಟ್ಟು ಹೋಗಿ ಭಯ ಹತ್ತಿಕೊಂಡಿತ್ತು.

ಮರುದಿನ ಬೆಳಿಗ್ಗೆ ಯಂತ್ರ ಶುರು ಮಾಡಿಸಲಿಲ್ಲ. ಹುಡುಗಿಯರನ್ನೆಲ್ಲ ಕೂರಿಸಿ, ನಾನೂ ಕುರ್ಚಿ ಬಿಟ್ಟು ನೆಲಕ್ಕೆ ಕೂತು, ಮೂವತ್ತೆರಡು ಚೀಲದ ಕತೆಯನ್ನು ಪೂರ್ತಿ ಹೇಳಿದೆ. ನಾನು ಹೆದರಿದ್ದನ್ನೂ ಬಿಡಲಿಲ್ಲ. ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಹಿಂದಿನ ಸಾಲಿನಿಂದ ಕಾಂಚನಾ ಎದ್ದು ನಿಂತಳು. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಳು.

"ಮೇಡಂ, ಹೋದ ತಿಂಗಳು ಎರಡನೇ ಲೋಡಿನಾಗೆ…" ಎಂದಳು.

ನಾಲಿಗೆಯ ತುದಿಗೆ ಬಂದ ಬೈಗುಳವನ್ನು ನುಂಗಿಕೊಂಡು, ಅವಳು ಹೇಳಿ ಮುಗಿಸುವವರೆಗೂ ಕೇಳಿದೆ. ಅವಳು ಕೂತ ಮೇಲೆ ಇನ್ನೂ ಆರು ಜನ ಎದ್ದರು.